ನಾಯಿಯ ರಕ್ತದ ರಿಪೋರ್ಟ್ ವಿಚಿತ್ರವಾಗಿದೆಯಾ? ಮೊದಲು ಟ್ಯೂಬ್ ಎಲ್ಲಿತ್ತು ಅಂತ ಕೇಳಿ

ರಿಪೋರ್ಟ್‌ನಲ್ಲಿ ಸಕ್ಕರೆ 41 ಅಂತ ಬಂದಿತ್ತು. ನಾಯಿ ಮಾತ್ರ ಕ್ಲಿನಿಕ್ ಬಾಗಿಲಲ್ಲಿ ನಿಂತು ನನ್ನ ಕೈಯಲ್ಲಿದ್ದ ಬನ್ನನ್ನೇ ನೋಡುತ್ತಾ ಬಾಲ ಅಲ್ಲಾಡಿಸುತ್ತಿತ್ತು.

ಅದರ ಹೆಸರು ಕರಿಯ. ಶಿಡ್ಲಘಟ್ಟದಲ್ಲಿ ರೇಷ್ಮೆ ರೀಲಿಂಗ್ ಮಾಡುವವರೊಬ್ಬರ ಮನೆಯ ನಾಯಿ, ನಾಟಿ ತಳಿ, ನಾಲ್ಕು ವರ್ಷ. ಎರಡು ದಿನದಿಂದ ಜ್ವರ, ಕಿವಿಯೊಳಗೆ ಉಣ್ಣಿ, ಊಟ ಅರ್ಧಂಬರ್ಧ. ಡಾಕ್ಟರ್ ಮೇಡಂ ರಕ್ತ ತೆಗೆಯಲು ಹೇಳಿದರು, ನಾನೇ ತೆಗೆದೆ. ನಮ್ಮ ಚಿಕ್ಕ ಕ್ಲಿನಿಕ್‌ನಲ್ಲಿ ಮೈಕ್ರೋಸ್ಕೋಪ್ ಮತ್ತು ಒಂದು ಹಳೇ ಸೆಂಟ್ರಿಫ್ಯೂಜ್ ಬಿಟ್ಟರೆ ಬೇರೆ ಮೆಷಿನ್ ಇಲ್ಲ, ಹಾಗಾಗಿ ಟ್ಯೂಬ್‌ಗಳು ಬಸ್ಸು ಹತ್ತಿ ಬೆಂಗಳೂರಿಗೆ ಹೋಗುತ್ತವೆ. ಅವತ್ತು ಬೆಳಿಗ್ಗೆ 10ಕ್ಕೆ ತೆಗೆದ ರಕ್ತ ಲ್ಯಾಬ್‌ನವರ ಕೈ ಸೇರಿದ್ದು ಸಂಜೆ 5 ದಾಟಿದ ಮೇಲೆ. ಏಪ್ರಿಲ್ ತಿಂಗಳು. ಡಬ್ಬಿ ಎಲ್ಲಿಟ್ಟಿದ್ದರು ಅಂತ ಆಮೇಲೆ ವಿಚಾರಿಸಿದರೆ, ಡ್ರೈವರ್ ಪಕ್ಕ, ಇಂಜಿನ್ ಬಾನೆಟ್ ಮೇಲೆ.

ರಿಪೋರ್ಟ್ ನೋಡಿದ ಮನೆಯವರು ಗಾಬರಿಯಾಗಿ, "ಸಕ್ಕರೆ ಇಳಿದೋಗಿದೆಯಂತಲ್ಲ ಸಾರ್, ಬೆಲ್ಲದ ನೀರು ಕುಡಿಸ್ಲಾ?" ಅಂತ ಕೇಳಿದರು. ಬೆಲ್ಲ ಬೇಕಾಗಿರಲಿಲ್ಲ. ಸಕ್ಕರೆ ಇಳಿದದ್ದು ನಾಯಿಯ ಮೈಯಲ್ಲಿ ಅಲ್ಲ, ಟ್ಯೂಬ್‌ನಲ್ಲಿ.

ನಮ್ಮೂರಿನವರಿಗೆ ಇದನ್ನು ಹೇಳಿಕೊಡುವುದು ಸುಲಭ. ಗೂಡು ಕಟ್ಟಿದ ಮಾತ್ರಕ್ಕೆ ಒಳಗಿನ ಹುಳು ಸತ್ತಿರುವುದಿಲ್ಲ, ಮಾರ್ಕೆಟ್‌ಗೆ ಹಾಕದೆ ಸುಮ್ನೆ ಇಟ್ಟುಕೊಂಡರೆ ಅದು ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಆಚೆ ಬರುತ್ತದೆ, ಆಮೇಲೆ ನೂಲು ಎಲ್ಲಿಂದ ತೆಗೆಯುತ್ತೀರಿ? ಟ್ಯೂಬ್‌ನಲ್ಲಿರುವ ರಕ್ತವೂ ಹಾಗೇ. ಸೂಜಿಯಿಂದ ಆಚೆ ಬಂದ ಮೇಲೂ ಕಣಗಳು ಜೀವಂತ. ಸಕ್ಕರೆ ತಿನ್ನುತ್ತವೆ, ಉಬ್ಬುತ್ತವೆ, ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಕೊನೆಗೆ ಒಡೆಯುತ್ತವೆ. ಬಿಸಿ ಜಾಸ್ತಿಯಾದಷ್ಟೂ ಇದೆಲ್ಲ ಬೇಗ.

ಒಳ್ಳೇ ಸುದ್ದಿ ಏನೆಂದರೆ, ಪ್ರತಿಯೊಂದು ತಪ್ಪೂ ರಿಪೋರ್ಟ್‌ನಲ್ಲಿ ತನ್ನದೇ ಗುರುತು ಬಿಟ್ಟು ಹೋಗುತ್ತದೆ. ಆ ಗುರುತು ಹಿಡಿದು ಹಿಂದಕ್ಕೆ ಹೋದರೆ ಎಲ್ಲಿ ಎಡವಿದ್ದೇವೆ ಅಂತ ಗೊತ್ತಾಗುತ್ತದೆ.

ಶುರು ಮಾಡುವ ಮುಂಚೆ

ನಾಯಿಯನ್ನು ನೋಡಿ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಸಕ್ಕರೆ ನಿಜವಾಗಿಯೂ 40ರ ಹತ್ತಿರ ಇಳಿದ ನಾಯಿ ಸಾಮಾನ್ಯವಾಗಿ ತೂರಾಡುತ್ತದೆ, ಮಂಕಾಗಿ ಬಿದ್ದಿರುತ್ತದೆ, ಕೆಲವಕ್ಕೆ ಫಿಟ್ಸ್ ಬರುತ್ತದೆ. ಪೊಟ್ಯಾಸಿಯಂ 9 ಆದ ನಾಯಿ ಎದ್ದು ನಿಲ್ಲುವುದೇ ಕಷ್ಟ, ಎದೆ ಬಡಿತ ನಿಧಾನವಾಗಿರುತ್ತದೆ. ಪೇಪರ್‌ನಲ್ಲಿರುವ ನಂಬರ್‌ಗೂ ಎದುರಿಗಿರುವ ನಾಯಿಗೂ ಹೊಂದಿಕೆ ಆಗದಿದ್ದರೆ ಮೊದಲ ಅನುಮಾನ ಪೇಪರ್ ಮೇಲೆ ಇರಲಿ. ಹಾಗಂತ ನಾಯಿ ನಿಜಕ್ಕೂ ತೂರಾಡುತ್ತಿದ್ದರೆ "ಸ್ಯಾಂಪಲ್ ಕೆಟ್ಟಿರಬೇಕು ಬಿಡಿ" ಅಂತ ಕೂರಬೇಡಿ, ತಕ್ಷಣ ಡಾಕ್ಟರ್‌ಗೆ ಹೇಳಿ.

ಆಮೇಲೆ ಟ್ಯೂಬ್‌ನ ಜಾತಕ ತೆಗೆಯಿರಿ. ಎಷ್ಟು ಗಂಟೆಗೆ ರಕ್ತ ತೆಗೆದದ್ದು, ಯಾವ ಬಣ್ಣದ ಮುಚ್ಚಳ, ಸೀರಂ (ರಕ್ತ ಹೆಪ್ಪಾದ ಮೇಲೆ ಉಳಿಯುವ ತಿಳಿ ದ್ರವ) ಬೇರೆ ಮಾಡಿದ್ದು ಯಾವಾಗ, ಮಧ್ಯದಲ್ಲಿ ಎಲ್ಲಿತ್ತು, ಮೆಷಿನ್‌ಗೆ ಹಾಕಿದ್ದು ಎಷ್ಟು ಗಂಟೆಗೆ. ಇದರಲ್ಲಿ ಎರಡಕ್ಕೆ "ಗೊತ್ತಿಲ್ಲ" ಅಂತ ಉತ್ತರ ಬಂದರೆ ಅಲ್ಲೇ ಅರ್ಧ ತನಿಖೆ ಮುಗಿಯಿತು. ಟ್ಯೂಬ್ ಮೇಲೆ ಹೆಸರಿನ ಜೊತೆ ಟೈಮ್ ಬರೆಯುವ ಅಭ್ಯಾಸ ನನಗೂ ಇರಲಿಲ್ಲ, ಕರಿಯನ ಕೇಸ್ ಆದ ಮೇಲೆ ಬಂತು. (ಹೆಸರಿನ ವಿಷಯ ಬಂತಲ್ಲ, ಬರೀ "ಟಾಮಿ" ಅಂತ ಬರೆಯಬೇಡಿ. ಒಂದು ಭಾನುವಾರ ನಮ್ಮಲ್ಲಿ ಮೂರು ಟಾಮಿ ಬಂದಿದ್ದವು. ಮಾಲೀಕರ ಹೆಸರೂ ಇರಲಿ, ನೀರಿಗೆ ಅಳಿಸಿ ಹೋಗದ ಪೆನ್ನಿನಲ್ಲಿ.)

ಇನ್ನೊಂದು ಸುಳಿವು. ಕ್ರಿಯಾಟಿನಿನ್, ಯೂರಿಯಾ, ಒಟ್ಟು ಪ್ರೋಟೀನ್, ಸೋಡಿಯಂ ಇವೆಲ್ಲ ಗಟ್ಟಿ ಪಿಂಡಗಳು, ಒಂದಷ್ಟು ಗಂಟೆ ತಡವಾದರೆ ಅಷ್ಟಾಗಿ ಅಲ್ಲಾಡುವುದಿಲ್ಲ. ಸಕ್ಕರೆ, ಫಾಸ್ಫರಸ್, ಪ್ಲೇಟ್‌ಲೆಟ್, ಎಎಸ್‌ಟಿ (ಲಿವರ್, ಮಾಂಸಖಂಡದ ಎಂಜೈಮ್) ಇವು ನಾಜೂಕು. ಗಟ್ಟಿ ಪಿಂಡಗಳು ಸರಿಯಾಗಿದ್ದು ನಾಜೂಕಿನವು ಮಾತ್ರ ಕುಣಿಯುತ್ತಿದ್ದರೆ ತಪ್ಪು ದಾರಿಯಲ್ಲಿ ಆಗಿದೆ ಅನ್ನುವ ಕಡೆಗೇ ತಕ್ಕಡಿ ವಾಲುತ್ತದೆ.

ಸಕ್ಕರೆ ಕಮ್ಮಿ, ನಾಯಿ ಚೆನ್ನಾಗಿದೆ

ಇದು ಎಲ್ಲಕ್ಕಿಂತ ಜಾಸ್ತಿ ಆಗುವ ತಪ್ಪು. ಕಣಗಳಿಂದ ಬೇರೆ ಮಾಡದೆ ಬಿಟ್ಟ ರಕ್ತದಲ್ಲಿ ಗ್ಲೂಕೋಸ್ ಗಂಟೆಗೆ ಸುಮಾರು ಶೇ. 5ರಿಂದ 10ರಷ್ಟು ಇಳಿಯುತ್ತಾ ಹೋಗುತ್ತದೆ. ಲೆಕ್ಕ ಹಾಕಿ ನೋಡಿ: 95 ಇದ್ದದ್ದು ಗಂಟೆಗೆ ಶೇ. 10ರಂತೆ ಇಳಿದರೆ ಏಳು ಗಂಟೆಗೆ 45ರ ಹತ್ತಿರ ಬರುತ್ತದೆ. ಕರಿಯನ 41ಕ್ಕೆ ಬೇರೆ ಕಾಯಿಲೆ ಹುಡುಕುವ ಅಗತ್ಯವೇ ಇಲ್ಲ. ಮೇಲಾಗಿ ಅವನಿಗೆ ಜ್ವರ, ಬಿಳಿ ರಕ್ತಕಣ ಜಾಸ್ತಿ ಇದ್ದವು. ಬಿಳಿ ಕಣ ಜಾಸ್ತಿ ಇದ್ದರೆ ತಿನ್ನುವ ಬಾಯಿಯೂ ಜಾಸ್ತಿ.

ಇಲ್ಲಿ ನಾನು ಮಾಡಿದ ದಡ್ಡತನ ಹೇಳಿಬಿಡುತ್ತೇನೆ. ಹಳದಿ ಮುಚ್ಚಳದ ಜೆಲ್ ಟ್ಯೂಬ್‌ಗೆ ಹಾಕಿದ್ದೆ. ಜೆಲ್ ಇದೆಯಲ್ಲ, ಅದೇ ಬೇರೆ ಮಾಡುತ್ತದೆ ಅಂತ ನೆಮ್ಮದಿಯಾಗಿದ್ದೆ. ಆದರೆ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸುವ ತನಕ ಆ ಜೆಲ್ ಟ್ಯೂಬ್ ತಳದಲ್ಲಿ ಸುಮ್ನೆ ಕೂತಿರುತ್ತದೆ. ತಿರುಗಿಸಿದಾಗ ಮಾತ್ರ ಅದು ಮೇಲಕ್ಕೆ ಎದ್ದು ಕಣಗಳಿಗೂ ಸೀರಂಗೂ ನಡುವೆ ಗೋಡೆ ಕಟ್ಟುವುದು. ತಿರುಗಿಸದ ಜೆಲ್ ಟ್ಯೂಬ್‌ಗೂ ಕೆಂಪು ಮುಚ್ಚಳದ ಪ್ಲೇನ್ ಟ್ಯೂಬ್‌ಗೂ ಈ ವಿಷಯದಲ್ಲಿ ಏನೂ ವ್ಯತ್ಯಾಸ ಇಲ್ಲ.

ಸರಿಯಾದ ಕ್ರಮ ಇಷ್ಟೇ. ರಕ್ತ ಹಾಕಿದ ಮೇಲೆ 20ರಿಂದ 30 ನಿಮಿಷ ಟ್ಯೂಬ್ ನೆಟ್ಟಗೆ ನಿಲ್ಲಿಸಿ, ರೂಮಿನ ಉಷ್ಣತೆಯಲ್ಲೇ ಹೆಪ್ಪುಗಟ್ಟಲಿ. ಆತುರಪಟ್ಟು ಅದಕ್ಕೂ ಮುಂಚೆ ತಿರುಗಿಸಿದರೆ ಸೀರಂನಲ್ಲಿ ಲೋಳೆಯಂಥ ಎಳೆಗಳು ಉಳಿದು ಮೆಷಿನ್‌ನ ಕೊಳವೆಗೆ ಸಿಕ್ಕಿಕೊಳ್ಳುತ್ತವೆ. ಹೆಪ್ಪಾದ ಮೇಲೆ 10 ನಿಮಿಷ ತಿರುಗಿಸಿ. ರಕ್ತ ತೆಗೆದ ಒಂದು ಗಂಟೆಯೊಳಗೆ, ಬಹಳ ಅಂದರೆ ಎರಡು ಗಂಟೆಯೊಳಗೆ, ಸೀರಂ ಬೇರೆ ಟ್ಯೂಬ್‌ನಲ್ಲಿ ಇರಬೇಕು. ಕರೆಂಟ್ ಹೋಗಿದ್ದರೆ? ಪ್ಲೇನ್ ಟ್ಯೂಬ್ ಅನ್ನು ಅಲ್ಲಾಡಿಸದೆ ನೆಟ್ಟಗೆ ಬಿಡಿ. ಹೆಪ್ಪು ಕುಗ್ಗಿ ಮೇಲೆ ತಿಳಿ ಸೀರಂ ನಿಲ್ಲುತ್ತದೆ. ಅದನ್ನು ಸಿರಿಂಜ್‌ನಲ್ಲಿ ನಿಧಾನವಾಗಿ ಎಳೆದುಕೊಂಡು ಬೇರೆ ಪ್ಲೇನ್ ಟ್ಯೂಬ್‌ಗೆ ಹಾಕಿ, ಮೇಲೆ "ಸೀರಂ" ಅಂತ ಬರೆಯಿರಿ. ಸೆಂಟ್ರಿಫ್ಯೂಜ್‌ನಷ್ಟು ಚೆನ್ನಾಗಿ ಬರುವುದಿಲ್ಲ, ಆದರೂ ಹೆಪ್ಪಿನ ಮೇಲೆ ಏಳು ಗಂಟೆ ಕೂತ ಸೀರಂಗಿಂತ ಎಷ್ಟೋ ವಾಸಿ.

ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬ್ ಇದೆಯಲ್ಲ, ಅದು ಸಕ್ಕರೆಗೆಂದೇ ಇರುವುದು. ಆದರೆ ಅದರ ಕೆಲಸವೂ ಹಾಕಿದ ಕ್ಷಣಕ್ಕೇ ಪೂರ್ತಿ ಶುರುವಾಗುವುದಿಲ್ಲ, ಮೊದಲ ಒಂದೆರಡು ಗಂಟೆ ಸ್ವಲ್ಪ ಸೋರಿಕೆ ಇದ್ದೇ ಇರುತ್ತದೆ. ಅನುಮಾನ ಬಂದರೆ ನಾಯಿ ಪಕ್ಕದಲ್ಲೇ ಗ್ಲೂಕೋಮೀಟರ್ ಇಟ್ಟು ನೋಡುವುದು ವಾಸಿ. ಮನುಷ್ಯರ ಗ್ಲೂಕೋಮೀಟರ್ ನಾಯಿ ರಕ್ತದಲ್ಲಿ ಸಾಮಾನ್ಯವಾಗಿ ನಿಜಕ್ಕಿಂತ ಕಮ್ಮಿ ತೋರಿಸುತ್ತದೆ ಅನ್ನುವುದು ಮಾತ್ರ ನೆನಪಿರಲಿ. ಅದೇ 80 ತೋರಿಸುತ್ತಿದ್ದರೆ ಲ್ಯಾಬ್‌ನ 41 ಸುಳ್ಳು ಅಂತ ಧೈರ್ಯವಾಗಿ ಹೇಳಬಹುದು.

ಪ್ಲೇಟ್‌ಲೆಟ್ ಪಾತಾಳಕ್ಕೆ ಇಳಿದಿದೆ

ನಮ್ಮ ಕಡೆ ನಾಯಿಗೆ ಪ್ಲೇಟ್‌ಲೆಟ್ ಕಮ್ಮಿ ಅಂದ ಕೂಡಲೇ ಎಲ್ಲರ ಬಾಯಲ್ಲೂ ಒಂದೇ ಮಾತು, ಟಿಕ್ ಫೀವರ್. ತಪ್ಪೇನಿಲ್ಲ. ಉಣ್ಣಿಯಿಂದ ಬರುವ ಎರ್ಲಿಕಿಯಾ ರೋಗದಲ್ಲಿ ಪ್ಲೇಟ್‌ಲೆಟ್ ನಿಜವಾಗಿಯೂ ಇಳಿಯುತ್ತದೆ. ತೊಂದರೆ ಏನೆಂದರೆ, ಟ್ಯೂಬ್‌ನಲ್ಲಿ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾದಾಗಲೂ ಮೆಷಿನ್ ಹೇಳುವುದು ಅದೇ ಮಾತನ್ನು. ಹತ್ತು ಪ್ಲೇಟ್‌ಲೆಟ್ ಸೇರಿ ಒಂದು ಮುದ್ದೆಯಾದರೆ ಮೆಷಿನ್‌ಗೆ ಅದು ಪ್ಲೇಟ್‌ಲೆಟ್ ಅಂತಲೇ ಅನ್ನಿಸುವುದಿಲ್ಲ. ಸೈಜ್ ನೋಡಿ ಬಿಟ್ಟುಬಿಡುತ್ತದೆ, ಇಲ್ಲವೇ ಬಿಳಿ ಕಣ ಅಂತ ಎಣಿಸಿಕೊಳ್ಳುತ್ತದೆ. ಕರಿಯನ ರಿಪೋರ್ಟ್‌ನಲ್ಲಿ 38,000 ಇತ್ತು. ಆರೋಗ್ಯವಾದ ನಾಯಿಗೆ ಸುಮಾರು 2ರಿಂದ 5 ಲಕ್ಷ ಇರಬೇಕು.

ಮೊದಲು ನೇರಳೆ ಮುಚ್ಚಳದ ಇಡಿಟಿಎ (ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಟ್ಯೂಬ್‌ನೊಳಗೆ ಒಂದು ತೆಳು ಮರದ ಕಡ್ಡಿ ಆಡಿಸಿ ನೋಡಿ. ಕಡ್ಡಿಗೆ ಹೆಪ್ಪಿನ ಚೂರು ಸಿಕ್ಕಿಕೊಂಡು ಬಂದರೆ ಆ ಟ್ಯೂಬ್‌ನ ಪ್ಲೇಟ್‌ಲೆಟ್ ಸಂಖ್ಯೆಯನ್ನು ಮರೆತುಬಿಡಿ. ಹೆಪ್ಪಿಗೆ ಕಾರಣ ಸಾಮಾನ್ಯವಾಗಿ ಸ್ಟೋರೇಜ್ ಅಲ್ಲ, ನಮ್ಮ ಕೈ. ನರ ಸಿಗದೆ ಸೂಜಿಯಲ್ಲಿ ಹುಡುಕಾಡಿದ್ದು, ರಕ್ತ ನಿಧಾನವಾಗಿ ಬಂದದ್ದು, ಸಿರಿಂಜ್‌ನಲ್ಲೇ ಸ್ವಲ್ಪ ಹೊತ್ತು ಬಿಟ್ಟದ್ದು, ಟ್ಯೂಬ್‌ಗೆ ಹಾಕಿದ ಮೇಲೆ ಮೆಲ್ಲಗೆ ಎಂಟು ಹತ್ತು ಸಲ ತಲೆಕೆಳಗು ಮಾಡದೇ ಇದ್ದದ್ದು.

ಹೆಪ್ಪು ಕಾಣದಿದ್ದರೂ ಕಣ್ಣಿಗೆ ಕಾಣದ ಸಣ್ಣ ಮುದ್ದೆಗಳು ಇರುತ್ತವೆ. ಅದಕ್ಕೆ ಸ್ಲೈಡ್ ಬೇಕು. ಸ್ಮಿಯರ್‌ನ, ಅಂದರೆ ಸ್ಲೈಡ್ ಮೇಲೆ ತೆಳುವಾಗಿ ಎಳೆದ ರಕ್ತದ, ತುದಿಯಲ್ಲಿ, ರಕ್ತ ಗರಿಯಂತೆ ತೆಳುವಾಗಿ ಮುಗಿಯುವ ಜಾಗದಲ್ಲಿ, ಈ ಮುದ್ದೆಗಳು ದ್ರಾಕ್ಷಿ ಗೊಂಚಲಿನಂತೆ ಕೂತಿರುತ್ತವೆ. ಗೊಂಚಲು ಕಂಡರೆ ಮೆಷಿನ್ ನಂಬರ್ ಕನಿಷ್ಠ ಸಂಖ್ಯೆ ಅಷ್ಟೇ, ನಿಜ ಅದಕ್ಕಿಂತ ಜಾಸ್ತಿ. ಗೊಂಚಲು ಇಲ್ಲದಿದ್ದರೆ ಕಣಗಳು ಒಂದೇ ಪದರದಲ್ಲಿ ಹರಡಿರುವ ಜಾಗಕ್ಕೆ ಬಂದು, ಆಯಿಲ್ ಇಮ್ಮರ್ಶನ್ ಲೆನ್ಸ್‌ನಲ್ಲಿ ಹತ್ತು ಜಾಗ ನೋಡಿ, ಒಂದೊಂದರಲ್ಲಿ ಎಷ್ಟು ಪ್ಲೇಟ್‌ಲೆಟ್ ಅಂತ ಎಣಿಸಿ, ಸರಾಸರಿಯನ್ನು 15,000ದಿಂದ ಗುಣಿಸಿ. ಒರಟು ಲೆಕ್ಕವೇ ಇರಬಹುದು. ಆದರೆ 38,000 ನಿಜವಾಗಿದ್ದರೆ ಒಂದು ಜಾಗದಲ್ಲಿ ಎರಡು ಮೂರಕ್ಕಿಂತ ಜಾಸ್ತಿ ಕಾಣಬಾರದು ಅಲ್ವಾ?

ಸ್ಮಿಯರ್ ಅನ್ನು ರಕ್ತ ತೆಗೆದ ಜಾಗದಲ್ಲೇ, ಆಗಲೇ ಎಳೆಯಬೇಕು. ಸಂಜೆ ಲ್ಯಾಬ್‌ನಲ್ಲಿ ಹಳೇ ರಕ್ತದಿಂದ ಎಳೆದ ಸ್ಮಿಯರ್‌ನಲ್ಲಿ ಬಿಳಿ ಕಣಗಳ ಒಳಗೆ ಗುಳ್ಳೆ ಬಂದಿರುತ್ತದೆ, ನ್ಯೂಕ್ಲಿಯಸ್ ಮುದುರಿಕೊಂಡಿರುತ್ತದೆ. ಅದನ್ನು ನೋಡಿ ಯಾರಾದರೂ ಸೋಂಕು ಜೋರಾಗಿದೆ ಅಂತ ಬರೆದರೆ ಅವರನ್ನು ಬೈದು ಪ್ರಯೋಜನವಿಲ್ಲ. ಎಳೆದ ತಕ್ಷಣ ಗಾಳಿಯಲ್ಲಿ ಬೀಸಿ ಒಣಗಿಸಿ. ಸ್ಲೈಡ್ ಅನ್ನು ಫ್ರಿಜ್‌ನಲ್ಲಿ ಇಡಬೇಡಿ, ಆಚೆ ತೆಗೆದಾಗ ಅದರ ಮೇಲೆ ಹನಿ ಕಟ್ಟಿ ಕಣಗಳು ಒಡೆಯುತ್ತವೆ. ಗಂಟಿನ ತುಂಡು ಹಾಕಿದ ಫಾರ್ಮಾಲಿನ್ ಡಬ್ಬಿಯ ಜೊತೆ ಒಂದೇ ಕವರ್‌ನಲ್ಲಿ ಕಳಿಸಲೂ ಬೇಡಿ. ಮುಚ್ಚಳ ಬಿಗಿಯಾಗಿದ್ದರೂ ಅದರ ಹಬೆ ತಾಗಿದರೆ ಸಾಕು, ಬಣ್ಣ ಸರಿಯಾಗಿ ಹಿಡಿಯುವುದಿಲ್ಲ. ಇನ್ನೊಂದು, ಒಣಗಲಿ ಅಂತ ಮೇಜಿನ ಮೇಲೆ ಬಿಟ್ಟು ಊಟಕ್ಕೆ ಹೋದರೆ ನೊಣ, ಜಿರಲೆ ಬಂದು ರಕ್ತವನ್ನು ನೆಕ್ಕಿ ಹೋಗುತ್ತವೆ. ನಗಬೇಡಿ, ನನಗೆ ಆಗಿದೆ.

ಎಂಸಿವಿ ಜಾಸ್ತಿ, ಎಂಸಿಎಚ್‌ಸಿ ಕಮ್ಮಿ

ಇಡಿಟಿಎ ಟ್ಯೂಬ್‌ನಲ್ಲಿ ಹೊತ್ತು ಕಳೆದಂತೆ ಕೆಂಪು ಕಣಗಳು ನೀರು ಹೀರಿ ಉಬ್ಬುತ್ತವೆ. ನೀರಲ್ಲಿ ನೆನೆಹಾಕಿದ ಕಡಲೆ ಥರ. ಸೈಜ್ ಹೇಳುವ ಎಂಸಿವಿ ಏರುತ್ತದೆ, ಅದರ ಬೆನ್ನಿಗೇ ಮೆಷಿನ್ ಲೆಕ್ಕ ಹಾಕಿ ಕೊಡುವ ಹಿಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಏರುತ್ತದೆ, ಕಣದೊಳಗೆ ಹಿಮೋಗ್ಲೋಬಿನ್ ಎಷ್ಟು ದಟ್ಟವಾಗಿದೆ ಅಂತ ಹೇಳುವ ಎಂಸಿಎಚ್‌ಸಿ ಇಳಿಯುತ್ತದೆ. ಒಟ್ಟು ಹಿಮೋಗ್ಲೋಬಿನ್ ಮಾತ್ರ ಇದ್ದಲ್ಲೇ ಇರುತ್ತದೆ. ಅದೇ ಇಲ್ಲಿ ಗುರುತು.

ಇದರಿಂದ ಆಗುವ ಹಾನಿ ಸಣ್ಣದಲ್ಲ. ದೊಡ್ಡ ಸೈಜಿನ, ಬಣ್ಣ ಕಮ್ಮಿಯ ಕಣಗಳು ಅಂದರೆ ಮೂಳೆಮಜ್ಜೆ ಹೊಸ ಕಣಗಳನ್ನು ತಯಾರು ಮಾಡುತ್ತಿದೆ ಅನ್ನುವುದರ ಲಕ್ಷಣವೂ ಹೌದು. ರಕ್ತ ಕಮ್ಮಿಯಾದ ನಾಯಿಯ ಹಳೇ ಸ್ಯಾಂಪಲ್ ನೋಡಿ "ಚೇತರಿಸಿಕೊಳ್ಳುತ್ತಿದೆ" ಅಂತ ಸಮಾಧಾನ ಪಟ್ಟುಕೊಂಡು, ನಿಜವಾಗಿ ಅಂಥದ್ದೇನೂ ನಡೆಯದೇ ಇರಬಹುದು. ಸಿಬಿಸಿ (ರಕ್ತಕಣಗಳ ಎಣಿಕೆ) ಅದೇ ದಿನ ಆಗಿಬಿಟ್ಟರೆ ಒಳ್ಳೆಯದು. ಆಗದಿದ್ದರೆ 4 ಡಿಗ್ರಿ ಹತ್ತಿರ ಇಟ್ಟು 24 ಗಂಟೆಯೊಳಗೆ ಮುಗಿಸಬೇಕು. ನಾನು ಈಗ ಸಣ್ಣ ಗಾಜಿನ ಕೊಳವೆಯಲ್ಲಿ ಪಿಸಿವಿ (ಅದೇ ಕೆಂಪು ಕಣಗಳ ಪಾಲು, ತಿರುಗಿಸಿ ಅಳೆಯುವುದು) ಅನ್ನು ಇಲ್ಲೇ ನೋಡಿ ಫಾರಂ ಮೇಲೆ ಬರೆದು ಕಳಿಸುತ್ತೇನೆ. ಲ್ಯಾಬ್‌ನ ಹಿಮಟೋಕ್ರಿಟ್ ಅದಕ್ಕಿಂತ ಜಾಸ್ತಿ ಬಂದರೆ ದಾರಿಯಲ್ಲಿ ಉಬ್ಬಿದೆ ಅಂತ ಅರ್ಥ.

ಇದಕ್ಕೆ ಉಲ್ಟಾ ತಪ್ಪೂ ಇದೆ. 2 ಎಂಎಲ್ ಟ್ಯೂಬ್‌ಗೆ ಅರ್ಧ ಎಂಎಲ್ ರಕ್ತ ಹಾಕಿದರೆ ಇಡಿಟಿಎ ಜಾಸ್ತಿಯಾಗಿ ಕಣಗಳು ಸುಕ್ಕುಗಟ್ಟುತ್ತವೆ, ಪಿಸಿವಿ ಕಮ್ಮಿ ಬರುತ್ತದೆ. ಮರಿಗಳಿಗೆ ಸಣ್ಣ ಟ್ಯೂಬ್ ತರಿಸಿಕೊಳ್ಳಿ.

ಸೀರಂ ಕೆಂಪಗಿದೆ

ಸೀರಂ ಒಣಹುಲ್ಲಿನ ಬಣ್ಣದಲ್ಲಿ ತಿಳಿಯಾಗಿರಬೇಕು. ಗುಲಾಬಿ ಅಥವಾ ಕೆಂಪಗಿದ್ದರೆ ಕಣಗಳು ಒಡೆದಿವೆ. ಪ್ರಶ್ನೆ ಇರುವುದು ಒಡೆದದ್ದು ಎಲ್ಲಿ ಅನ್ನುವುದು. ಟ್ಯೂಬ್‌ನಲ್ಲೋ, ನಾಯಿಯೊಳಗೋ?

ಟ್ಯೂಬ್‌ನಲ್ಲಿ ಒಡೆಯುವುದಕ್ಕೆ ಕಾರಣಗಳು ಬೇಕಾದಷ್ಟಿವೆ. ತೀರಾ ಸಣ್ಣ ಸೂಜಿ, ಪಿಸ್ಟನ್ ಜೋರಾಗಿ ಎಳೆದದ್ದು, ಸೂಜಿ ತೆಗೆಯದೆ ಟ್ಯೂಬ್‌ಗೆ ಚಿಮ್ಮಿಸಿದ್ದು, ಜೋರಾಗಿ ಕುಲುಕಿದ್ದು, ಬಿಸಿ, ಮತ್ತೆ ಐಸ್. ಹೌದು, ಐಸ್ ಕೂಡ. ಕರಿಯನ ಕೇಸ್ ಆದ ಮೇಲೆ ಹುಮ್ಮಸ್ಸಿನಲ್ಲಿ ಒಂದು ವಾರ ಟ್ಯೂಬ್‌ಗಳನ್ನು ನೇರ ಐಸ್ ತುಂಡುಗಳ ಮಧ್ಯೆ ಹೂತು ಕಳಿಸಿದೆ. ಐಸ್‌ಗೆ ಅಂಟಿಕೊಂಡ ಕಡೆ ರಕ್ತ ಹೆಪ್ಪುಗಟ್ಟಿದಂತೆ ಗಟ್ಟಿಯಾಗಿ, ಕರಗಿದಾಗ ಕಣಗಳೆಲ್ಲ ಒಡೆದು, ದಾಳಿಂಬೆ ಜ್ಯೂಸ್ ಥರ ಸೀರಂ ಬಂತು. ಲೇಬಲ್ ಬೇರೆ ನೆನೆದು ಕಿತ್ತುಹೋಗಿತ್ತು.

ನಾಯಿಯೊಳಗೇ ಒಡೆಯುವುದಕ್ಕೆ ನಮ್ಮಲ್ಲಿ ಮುಖ್ಯ ಕಾರಣ ಕೆಂಪು ಕಣದೊಳಗೆ ಸೇರಿಕೊಳ್ಳುವ ಬಬೇಸಿಯಾ ಅನ್ನುವ ಪರಾವಲಂಬಿ, ಅದೂ ಉಣ್ಣಿಯಿಂದಲೇ. ಹಾಗಿದ್ದರೆ ಪಿಸಿವಿ ಇಳಿದಿರುತ್ತದೆ, ವಸಡು ಬಿಳಿಚಿಕೊಂಡಿರುತ್ತದೆ, ಎಷ್ಟೋ ಸಲ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣದಲ್ಲಿ ಬರುತ್ತದೆ. ಸೀರಂ ಕೆಂಪಗಿದ್ದೂ ಪಿಸಿವಿ 45 ಇದೆ, ಮೂತ್ರ ಮಾಮೂಲಿ ಹಳದಿ ಇದೆ ಅಂದರೆ ಹೆಚ್ಚಾಗಿ ತಪ್ಪು ನಮ್ಮದು. ಸಂದೇಹ ಉಳಿದರೆ ಹೊಸದಾಗಿ, ಮೆತ್ತಗೆ ತೆಗೆದು ಆಗಲೇ ತಿರುಗಿಸಿ. ಮತ್ತೆ ಕೆಂಪಗೇ ಬಂದರೆ ಅದು ನಾಯಿಯದು, ಸ್ಯಾಂಪಲ್‌ದಲ್ಲ.

ಕಣ ಒಡೆದ ಸ್ಯಾಂಪಲ್‌ನಲ್ಲಿ ಎಎಸ್‌ಟಿ, ಎಲ್‌ಡಿಎಚ್ ಎಂಜೈಮ್‌ಗಳು, ಫಾಸ್ಫರಸ್ ಸುಳ್ಳೇ ಏರುತ್ತವೆ. ಎಂಸಿಎಚ್‌ಸಿ 37 ದಾಟಿದರೂ ಅನುಮಾನಪಡಿ, ಕೆಂಪು ಕಣದೊಳಗೆ ಅಷ್ಟು ಹಿಮೋಗ್ಲೋಬಿನ್ ತುಂಬಲು ಜಾಗವೇ ಇಲ್ಲ. ಒಂದೋ ಕಣ ಒಡೆದಿದೆ, ಇಲ್ಲವೇ ಸೀರಂನಲ್ಲಿ ಕೊಬ್ಬಿದೆ.

ಮನುಷ್ಯರ ಲ್ಯಾಬ್‌ನಲ್ಲಿ ಕೆಲಸ ಮಾಡಿದವರು "ಹಿಮೊಲೈಸ್ ಆಗಿದೆ (ಕಣ ಒಡೆದಿದೆ), ಹಾಗಾಗಿ ಪೊಟ್ಯಾಸಿಯಂ ಜಾಸ್ತಿ" ಅಂತ ಥಟ್ಟನೆ ಹೇಳುತ್ತಾರೆ. ಮನುಷ್ಯರಿಗೆ ಅದು ಸರಿ. ಹೆಚ್ಚಿನ ನಾಯಿಗಳ ಕೆಂಪು ಕಣದೊಳಗೆ ಪೊಟ್ಯಾಸಿಯಂ ಕಮ್ಮಿ, ಸೋಡಿಯಂ ಜಾಸ್ತಿ, ಆದ್ದರಿಂದ ಒಡೆದರೂ ಪೊಟ್ಯಾಸಿಯಂ ಅಷ್ಟೇನೂ ಏರುವುದಿಲ್ಲ. ಅಕಿಟಾ, ಶಿಬಾ ಇನು ಥರದ ಜಪಾನಿನ ತಳಿಗಳು ಇದಕ್ಕೆ ಹೊರತು. ನಮ್ಮ ಶಿಡ್ಲಘಟ್ಟದಲ್ಲಿ ನಾನು ಇನ್ನೂ ಒಂದು ಅಕಿಟಾ ನೋಡಿಲ್ಲ.

ಪೊಟ್ಯಾಸಿಯಂ ಆಕಾಶದಲ್ಲಿ, ಕ್ಯಾಲ್ಸಿಯಂ ನೆಲದಲ್ಲಿ

ಪೊಟ್ಯಾಸಿಯಂ 9 ಅಥವಾ ಅದಕ್ಕೂ ಮೇಲೆ, ಕ್ಯಾಲ್ಸಿಯಂ 4 ಅಥವಾ 5, ಎಎಲ್‌ಪಿ ಎಂಜೈಮ್ ಕೂಡ ತೀರಾ ಕಮ್ಮಿ, ಸೋಡಿಯಂ ಮಾತ್ರ ಸರಿ. ಈ ನಾಲ್ಕು ಒಟ್ಟಿಗೆ ಕಂಡರೆ ನಗು ಬರುತ್ತದೆ, ಯಾಕೆಂದರೆ ಕಳ್ಳ ಬೆರಳಚ್ಚಿನ ಜೊತೆ ಅಡ್ರೆಸ್ಸನ್ನೂ ಬಿಟ್ಟು ಹೋಗಿರುತ್ತಾನೆ. ನೇರಳೆ ಟ್ಯೂಬ್‌ನ ಇಡಿಟಿಎ ಸೀರಂ ಟ್ಯೂಬ್‌ಗೆ ಬಿದ್ದಿದೆ. ಆ ಇಡಿಟಿಎ ಅನ್ನುವುದು ಪೊಟ್ಯಾಸಿಯಂ ಲವಣ, ಕ್ಯಾಲ್ಸಿಯಂ ಅನ್ನು ಕಟ್ಟಿ ಹಾಕುವುದೇ ಅದರ ಕಸುಬು. ಯಾರೋ ನೇರಳೆ ಟ್ಯೂಬ್‌ನಲ್ಲಿ ಜಾಸ್ತಿಯಾದ ರಕ್ತವನ್ನು ಕೆಂಪು ಟ್ಯೂಬ್‌ಗೆ ಸುರಿದಿದ್ದಾರೆ, ಇಲ್ಲವೇ ಮೊದಲು ನೇರಳೆಗೆ ಹಾಕಿ ಅದೇ ಸೂಜಿಯನ್ನು ಕೆಂಪಕ್ಕೆ ತಾಗಿಸಿದ್ದಾರೆ. ಕ್ರಮ ಹೀಗಿರಲಿ: ಮೊದಲು ನೀಲಿ (ಹೆಪ್ಪುಗಟ್ಟುವ ಟೆಸ್ಟ್‌ನದು), ಆಮೇಲೆ ಕೆಂಪು ಅಥವಾ ಹಳದಿ, ಆಮೇಲೆ ನೇರಳೆ, ಕೊನೆಗೆ ಬೂದು.

ಅಡ್ರಿನಲ್ ಗ್ರಂಥಿ ಸೊರಗುವ ಅಡಿಸನ್ ಕಾಯಿಲೆಯಲ್ಲೂ ಪೊಟ್ಯಾಸಿಯಂ ಏರುತ್ತದೆ, ಆದರೆ ಅಲ್ಲಿ ಸಾಮಾನ್ಯವಾಗಿ ಸೋಡಿಯಂ ಇಳಿದಿರುತ್ತದೆ, ಕ್ಯಾಲ್ಸಿಯಂ ಹೀಗೆ ನೆಲ ಕಚ್ಚುವುದಿಲ್ಲ. ಮರಿ ಹಾಕಿ ಹಾಲು ಕುಡಿಸುತ್ತಿರುವ ನಾಯಿಗೆ ಕ್ಯಾಲ್ಸಿಯಂ ಕಮ್ಮಿ ಬಂದರೆ ಮಾತ್ರ ಟ್ಯೂಬ್ ಬಗ್ಗೆ ವಾದ ಮಾಡುತ್ತಾ ಕೂರಬೇಡಿ. ಅದು ನಡುಗುತ್ತಿದ್ದರೆ, ಏದುಸಿರು ಬಿಡುತ್ತಿದ್ದರೆ ನಿಜವೇ ಇರಬಹುದು.

ಇನ್ನು ಕೆಲವು ಚಿಲ್ಲರೆ ತಪ್ಪುಗಳು

ಬಿಲಿರುಬಿನ್‌ಗೆ ಬೆಳಕು ಆಗುವುದಿಲ್ಲ. ಕಿಟಕಿ ಪಕ್ಕ ಬಿಸಿಲಿಗೆ ಇಟ್ಟ ಟ್ಯೂಬ್‌ನಲ್ಲಿ ಅದು ಇಳಿಯುತ್ತಾ ಹೋಗುತ್ತದೆ. ಕಣ್ಣು, ವಸಡು ಹಳದಿ ಇದ್ದೂ ರಿಪೋರ್ಟ್ ಚೆನ್ನಾಗಿದ್ದರೆ ಇದನ್ನು ನೆನೆಸಿಕೊಳ್ಳಿ. ಟ್ಯೂಬ್‌ಗೆ ಫಾಯಿಲ್ ಪೇಪರ್ ಸುತ್ತಿದರೆ ಸಾಕು.

ಸೀರಂ ಹಾಲಿನಂತೆ ಬೆಳ್ಳಗಿದ್ದರೆ ಅದು ಸ್ಟೋರೇಜ್ ತಪ್ಪಲ್ಲ, ಹೆಚ್ಚಾಗಿ ಊಟದ್ದು. ರಾತ್ರಿ ಮುದ್ದೆ ಜೊತೆ ಕೊಬ್ಬಿನ ಸಾರು ಹಾಕಿ ಬೆಳಿಗ್ಗೆ ಬಿಸ್ಕೆಟ್ ಕೊಟ್ಟು ಕರೆದುಕೊಂಡು ಬಂದು "ಏನೂ ತಿಂದಿಲ್ಲ ಸಾರ್" ಅನ್ನುತ್ತಾರೆ. ಬಿಸ್ಕೆಟ್ ಅವರ ಲೆಕ್ಕದಲ್ಲಿ ಊಟ ಅಲ್ಲ. ದೊಡ್ಡ ನಾಯಿಗೆ 12 ಗಂಟೆ ಉಪವಾಸ, ನೀರು ಕುಡಿಯಬಹುದು. ಮರಿ ಅಥವಾ ಸಕ್ಕರೆ ಕಾಯಿಲೆಯ ನಾಯಿ ಆದರೆ ಡಾಕ್ಟರ್‌ನ ಕೇಳದೆ ಉಪವಾಸ ಹಾಕಬೇಡಿ.

ಫಿಟ್ಸ್‌ಗೆ ಫಿನೋಬಾರ್ಬಿಟಾಲ್ ಮಾತ್ರೆ ತಗೊಳ್ಳುವ ನಾಯಿಯ ರಕ್ತದಲ್ಲಿ ಔಷಧಿಯ ಮಟ್ಟ ನೋಡುವುದಿದ್ದರೆ ಜೆಲ್ ಟ್ಯೂಬ್ ಬೇಡ, ಜೆಲ್ ಅದನ್ನು ಹೀರಿಕೊಂಡು ಕಮ್ಮಿ ತೋರಿಸಬಹುದು. ಅಮೋನಿಯಾ ಟೆಸ್ಟ್ ಅನ್ನು ಬಸ್ಸಿನಲ್ಲಿ ಕಳಿಸುವ ಯೋಚನೆಯನ್ನೇ ಬಿಡಿ. ತಣ್ಣಗಿಟ್ಟು ಅರ್ಧ ಗಂಟೆಯೊಳಗೆ ಮೆಷಿನ್ ತಲುಪಬೇಕಾದ ಟೆಸ್ಟ್ ಅದು.

ಹೆಪ್ಪುಗಟ್ಟುವ ಟೆಸ್ಟ್‌ಗಳ ಕಥೆಯೂ ಹತ್ತಿರ ಹತ್ತಿರ ಅದೇ. ನೀಲಿ ಟ್ಯೂಬ್ ಗೆರೆಯವರೆಗೆ ತುಂಬಿರಬೇಕು, ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಹೆಪ್ಪು ತಡೆಯುವ ಸಿಟ್ರೇಟ್, ನಾಲ್ಕು ಗಂಟೆಯೊಳಗೆ ಟೆಸ್ಟ್ ಆಗಬೇಕು, ಇಲ್ಲವೇ ಪ್ಲಾಸ್ಮಾ ಬೇರೆ ಮಾಡಿ ಫ್ರೀಜ್ ಮಾಡಬೇಕು. ಹಿಪ್ಪುನೇರಳೆ ತೋಟದಲ್ಲಿ ಕೊಳಕುಮಂಡಲ ಕಚ್ಚಿದ ನಾಯಿಗೆ ಇದಕ್ಕೆಲ್ಲ ಕಾಯಲು ಆಗುತ್ತದಾ? ಒಣಗಿದ, ಶುಭ್ರವಾದ ಗಾಜಿನ ಟ್ಯೂಬ್‌ಗೆ ರಕ್ತ ಹಾಕಿ 20 ನಿಮಿಷ ಅಲ್ಲಾಡಿಸದೆ ಬಿಟ್ಟು, ಆಮೇಲೆ ಬಗ್ಗಿಸಿ ನೋಡುತ್ತೇವೆ. ಹೆಪ್ಪಾಗದೆ ಹರಿದರೆ ವಿಷ ರಕ್ತಕ್ಕೆ ಇಳಿದಿದೆ. ಇಲ್ಲಿಯೂ ಟ್ಯೂಬ್ ಮೋಸ ಮಾಡುತ್ತದೆ. ಪ್ಲಾಸ್ಟಿಕ್ ಟ್ಯೂಬ್ ಆದರೆ, ಅಥವಾ ಸೋಪಿನ ಪುಡಿಯಲ್ಲಿ ತೊಳೆದ ಗಾಜು ಆದರೆ, ಚೆನ್ನಾಗಿರುವ ರಕ್ತವೂ ಹೆಪ್ಪಾಗದೇ ಉಳಿಯಬಹುದು.

ಫ್ರಿಜ್ ಮತ್ತು ಬಸ್ಸು

ಫ್ರಿಜ್‌ನ ಬಾಗಿಲಲ್ಲಿ ಟ್ಯೂಬ್ ಇಡಬೇಡಿ, ತೆಗೆದು ಹಾಕಿದಾಗೆಲ್ಲ ಬಿಸಿಯಾಗುತ್ತದೆ. ಹಿಂದಿನ ಗೋಡೆಗೆ ತಾಗಿಸಿಯೂ ಬೇಡ, ಅಲ್ಲಿ ರಕ್ತ ಫ್ರೀಜ್ ಆಗುತ್ತದೆ. ಮಧ್ಯದ ತಟ್ಟೆ, 2ರಿಂದ 8 ಡಿಗ್ರಿ, ಒಳಗೊಂದು ಥರ್ಮಾಮೀಟರ್. ಇಡಿಟಿಎ ರಕ್ತ ಯಾವತ್ತೂ ಫ್ರೀಜರ್‌ಗೆ ಹೋಗಬಾರದು. ಬೇರೆ ಮಾಡಿದ ಸೀರಂ ಫ್ರಿಜ್‌ನಲ್ಲಿ ಒಂದೆರಡು ದಿನ ತಡೆಯುತ್ತದೆ. ಅದಕ್ಕಿಂತ ಜಾಸ್ತಿ ಅಂದರೆ ಫ್ರೀಜ್ ಮಾಡಿ, ಆದರೆ ಒಂದೇ ಸಲ. ಕರೆಂಟ್ ಹೋಗಿ ಕರಗಿ, ಬಂದ ಮೇಲೆ ಮತ್ತೆ ಗಟ್ಟಿಯಾದ ಸೀರಂಗೆ ಬೆಲೆ ಇಲ್ಲ. ಕರಗಿತ್ತಾ ಇಲ್ವಾ ಅಂತ ತಿಳಿಯಲು ಫ್ರೀಜರ್‌ನಲ್ಲಿ ಒಂದು ಲೋಟ ಐಸ್ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟಿದ್ದೇನೆ. ನಾಣ್ಯ ಮುಳುಗಿದ್ದರೆ ರಾತ್ರಿ ಏನೋ ನಡೆದಿದೆ.

ಬಸ್ಸಿಗೆ ಕೊಡುವಾಗ ಥರ್ಮೋಕೋಲ್ ಡಬ್ಬಿ, ಎರಡು ಜೆಲ್ ಐಸ್ ಪ್ಯಾಕ್, ಅವುಗಳಿಗೆ ಎರಡು ಸುತ್ತು ನ್ಯೂಸ್‌ಪೇಪರ್. ಟ್ಯೂಬ್‌ಗಳು ಬೇರೆ ಕವರ್‌ನಲ್ಲಿ, ಐಸ್ ಪ್ಯಾಕ್‌ಗೆ ನೇರ ತಾಗದಂತೆ, ನೆಟ್ಟಗೆ. ಸ್ಲೈಡ್‌ಗಳು ಡಬ್ಬಿಯ ಆಚೆ, ಪ್ರತ್ಯೇಕ. ಬೆಂಗಳೂರಿನಲ್ಲಿ ಹೆಬ್ಬಾಳದ ಹತ್ತಿರ ಇಸಿದುಕೊಳ್ಳುವವರಿಗೆ ಬಸ್ಸು ಹೊರಟ ಕೂಡಲೇ ಫೋನ್. ಶನಿವಾರ ಸಂಜೆ ತೆಗೆದು ಸೋಮವಾರ ಟೆಸ್ಟ್ ಆಗುವ ಹಾಗಿದ್ದರೆ, ತುರ್ತು ಇಲ್ಲದಿದ್ದಾಗ, ಸೋಮವಾರ ಬೆಳಿಗ್ಗೆಯೇ ತೆಗೆಯುವುದು ವಾಸಿ ಅಂತ ಮೇಡಂಗೆ ಹೇಳುತ್ತೇನೆ. ಅವರೂ ಒಪ್ಪುತ್ತಾರೆ.

ಕರಿಯನಿಗೆ ಆದದ್ದು

ಮಾರನೇ ದಿನ ಮತ್ತೆ ರಕ್ತ ತೆಗೆದೆವು. ಕೈಯಲ್ಲಿ ಸಿಗದ ನರಕ್ಕೆ ಹಟ ಹಿಡಿಯದೆ ಈ ಸಲ ಕುತ್ತಿಗೆಯ ನರದಿಂದ. ಎರಡು ಸ್ಲೈಡ್ ಅಲ್ಲೇ ಎಳೆದೆ, ಪಿಸಿವಿ ತಿರುಗಿಸಿದೆ, ಅರ್ಧ ಗಂಟೆ ಆದ ಮೇಲೆ ಸೀರಂ ಬೇರೆ ಮಾಡಿದೆ. ಸಕ್ಕರೆ 92 ಬಂತು. ಬೆಲ್ಲದ ನೀರಿನ ಮಾತು ಅಲ್ಲಿಗೆ ಮುಗಿಯಿತು.

ಪ್ಲೇಟ್‌ಲೆಟ್ ಮಾತ್ರ ಪೂರ್ತಿ ಸುಳ್ಳಾಗಿರಲಿಲ್ಲ. ಮೆಷಿನ್ 1,12,000 ಅಂದಿತು. ನಾನು ಸ್ಲೈಡ್‌ನಲ್ಲಿ ಎಣಿಸಿದಾಗ ಒಂದು ಜಾಗಕ್ಕೆ ಏಳೆಂಟು, ಅಂದರೆ ಅಷ್ಟೇ. ಗೊಂಚಲು ಇರಲಿಲ್ಲ. 38,000 ಅಲ್ಲ, ಆದರೆ ಇರಬೇಕಾದಷ್ಟೂ ಇಲ್ಲ. ಎರ್ಲಿಕಿಯಾ ಕಿಟ್‌ನಲ್ಲಿ ಎರಡು ಗೆರೆ ಬಂತು, ಅಂದರೆ ಪಾಸಿಟಿವ್. ಮೊದಲ ರಿಪೋರ್ಟ್ ಕೆಟ್ಟಿದೆ ಅಂತ ಗೊತ್ತಾದಾಗ ನಾಯಿಗೆ ಏನೂ ಇಲ್ಲ ಅಂದುಕೊಂಡು ಮನೆಗೆ ಕಳಿಸಿದ್ದರೆ ಅದು ಇನ್ನೊಂದು ತಪ್ಪಾಗುತ್ತಿತ್ತು. ಮೇಡಂ ಡಾಕ್ಸಿಸೈಕ್ಲಿನ್ ಅನ್ನುವ ಆಂಟಿಬಯಾಟಿಕ್ ಶುರು ಮಾಡಿದರು. ಮನೆಯವರು ನಾಯಿ ಮಲಗುವ, ಚಂದ್ರಿಕೆಗಳ (ಹುಳು ಗೂಡು ಕಟ್ಟುವ ತಟ್ಟಿಗಳ) ಹಿಂದಿನ ಮೂಲೆಯನ್ನೆಲ್ಲ ಗುಡಿಸಿ ಉಣ್ಣಿ ತೆಗೆದರು.

ಈಗ ಬಸ್ ಸ್ಟ್ಯಾಂಡ್‌ನಲ್ಲಿ ಡಬ್ಬಿ ಕೊಡುವಾಗ ಕಂಡಕ್ಟರ್ ಅವರೇ ಕೇಳುತ್ತಾರೆ, "ನಾಯಿ ರಕ್ತ ತಾನೇ ಅಣ್ಣ? ಇಂಜಿನ್ ಮೇಲೆ ಇಡಬಾರದು, ಅಲ್ವಾ?"